ಲಾರ್ಜ್, ಫೈನ್ ಇಟ್ಟರೂ 12×18 ಪ್ರಿಂಟ್ ಯಾಕೆ ಹೀಗೆ?

ಬೆಳ್ಳಕ್ಕಿ_ಮಂಡ್ಯ: ತಲೆ ಕೆಟ್ಟುಹೋಗಿದೆ. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಗೂಡಿನ ಫೋಟೋ ತೆಗೆದಿದ್ದೆ. ಕ್ಯಾಮೆರಾದಲ್ಲಿ ಜೂಮ್ ಮಾಡಿದಾಗ ಒಂದೊಂದು ಗರಿಯೂ ಕಂಡಿತ್ತು. 12×18 ಇಂಚಿನ ಪ್ರಿಂಟ್ ಹಾಕಿಸಿದರೆ ಗರಿಯೆಲ್ಲ ಕಲಸಿಹೋಗಿದೆ, ಕೊಕ್ಕಿನ ಅಂಚು ಮೆಟ್ಟಿಲು ಮೆಟ್ಟಿಲಾಗಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಸೈಜ್ ಲಾರ್ಜ್, ಕ್ವಾಲಿಟಿ ಫೈನ್. ಲ್ಯಾಬ್‌ನವರು "ಫೈಲೇ ಹೀಗಿದೆ" ಅಂತಾರೆ. ಇನ್ನು ಯಾವ ಸೆಟ್ಟಿಂಗ್ ಬದಲಾಯಿಸಲಿ?

ರಾ_ರಾಜ: ಜೆಪೆಗ್‌ನಲ್ಲಿ ತೆಗೆದರೆ ಇಷ್ಟೇ. ರಾ, ಅಂದರೆ ಕ್ಯಾಮೆರಾದ ಕಚ್ಚಾ ಫೈಲ್, ತೆಗೆಯಿರಿ.

ಹಳೇ_ಲೆನ್ಸ್: ಇದಕ್ಕೆಲ್ಲ ರಾ ಯಾಕೆ ಸರ್? ನನ್ನ ನಿಕಾನ್‌ನಲ್ಲಿ ಫೈನ್ ಅಂದರೆ ಸುಮಾರು 1:4 ಕುಗ್ಗಿಸುತ್ತದೆ, ನಾರ್ಮಲ್ 1:8, ಬೇಸಿಕ್ 1:16. ನಾರ್ಮಲ್‌ನಲ್ಲೇ ಮದುವೆ ಆಲ್ಬಂ ಮಾಡಿ ಕೊಟ್ಟಿದ್ದೇನೆ, ಯಾರೂ ಕೇಳಲಿಲ್ಲ. ಶಟರ್ ಸ್ಪೀಡ್ ಎಷ್ಟಿತ್ತು?

ರಾ_ರಾಜ: ಜೆಪೆಗ್ ಬರೀ 8 ಬಿಟ್. ಬೆಳಕಿನ ಹಂತ ಕಡಿಮೆ, ಬಿಸಿಲಲ್ಲಿ ಬಿಳಿ ಗರಿ ಸುಟ್ಟು ವಿವರವೇ ಹೋಗುತ್ತದೆ. ರಾದಲ್ಲಿ 12, 14 ಬಿಟ್ ಇರುತ್ತದೆ, ಆಮೇಲೆ ಎಳೆದುಕೊಳ್ಳಬಹುದು.

ಬೆಳ್ಳಕ್ಕಿ_ಮಂಡ್ಯ: ಶಟರ್ 1/1000. ಗರಿ ಸುಟ್ಟಿಲ್ಲ, ಅಲುಗಿಲ್ಲ. ಕ್ಯಾಮೆರಾದಲ್ಲಿ ಚೆನ್ನಾಗಿತ್ತು ಅಂದೆನಲ್ಲ!

ಕಬಿನಿ_ಕ್ಲಿಕ್: ಫೈಲ್ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ) ಇರಬೇಕು. 300 ಮಾಡಿ ಸೇವ್ ಮಾಡಿ ಕೊಡಿ.

ಹಳೇ_ಲೆನ್ಸ್: ಹಾಡಿದ್ದೇ ಹಾಡು. ಡಿಪಿಐ ಫೈಲಿಗೆ ಅಂಟಿಸಿದ ಚೀಟಿ, ಅಷ್ಟೇ. 6000×4000 ಇದ್ದರೆ 18 ಇಂಚಿನ ಪ್ರಿಂಟ್‌ನಲ್ಲಿ ಇಂಚಿಗೆ 333 ಪಿಕ್ಸೆಲ್ ಬರುತ್ತದೆ. ಚೀಟಿಯಲ್ಲಿ 72 ಇರಲಿ, 300 ಇರಲಿ.

ಕಬಿನಿ_ಕ್ಲಿಕ್: ನಮ್ಮ ಲ್ಯಾಬ್‌ನಲ್ಲಿ 300 ಇಲ್ಲದ ಫೈಲ್ ಮುಟ್ಟುವುದೇ ಇಲ್ಲ. ಅವರಿಗೆ ಹೋಗಿ ಪಾಠ ಮಾಡಿ.

ಮಿಂಚುಳ್ಳಿ: ಜಗಳ ಆಮೇಲೆ ಆಡಿ. ಬೆಳ್ಳಕ್ಕಿಯವರೇ, ಲ್ಯಾಬ್‌ಗೆ ಕೊಟ್ಟ ಫೈಲ್ ಎಷ್ಟು ಪಿಕ್ಸೆಲ್ ಇದೆ? ಕಾರ್ಡಿನಿಂದ ಕೊಟ್ಟಿರಾ?

ಬೆಳ್ಳಕ್ಕಿ_ಮಂಡ್ಯ: ಫೋನಿನಿಂದ. ಎಲ್ಲರೂ ಹಾಗೇ ಕೊಡೋದು ಅಲ್ವಾ? ಕ್ಯಾಮೆರಾದ ಆಪ್ ತಾನಾಗಿಯೇ ಫೋನಿಗೆ ಕಳಿಸುತ್ತದೆ. 1620×1080 ಅಂತ ತೋರಿಸುತ್ತಿದೆ.

ಮಿಂಚುಳ್ಳಿ: ಅಲ್ಲೇ ಇದೆ ನೋಡಿ. ಆಪ್ 2 ಮೆಗಾಪಿಕ್ಸೆಲ್ ಕಾಪಿ ಕಳಿಸಿದೆ. 12×18 ಪ್ರಿಂಟ್‌ನಲ್ಲಿ ಇಂಚಿಗೆ 90 ಪಿಕ್ಸೆಲ್, ಮೆಟ್ಟಿಲು ಕಾಣದೆ ಇನ್ನೇನು? ಕ್ಯಾಮೆರಾದಲ್ಲಿ ಸೈಜ್ ಸ್ಮಾಲ್ ಇಟ್ಟು ಕಾರ್ಡಿನಿಂದ ಕೊಟ್ಟಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಲಾರ್ಜ್, ಫೈನ್ ಹಾಗೇ ಇರಲಿ. ಆಪ್‌ನಲ್ಲಿ ಮೂಲ ಸೈಜ್ ಆಯ್ಕೆ ಮಾಡಿ ತರಿಸಿಕೊಳ್ಳಿ, ಇಲ್ಲವೇ ಕಾರ್ಡ್ ರೀಡರ್ ಹಾಕಿ. ಲ್ಯಾಬ್‌ಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದೂ ಕುಗ್ಗಿಸುತ್ತದೆ.

ರಾ_ರಾಜ: ರಾ ತೆಗೆದಿದ್ದರೆ ಈ ರಗಳೆಯೇ ಇರಲಿಲ್ಲ. ನಾನಂತೂ ಎರಡೂ ಕಾರ್ಡಿಗೆ ರಾ ಬರೆಸುತ್ತೇನೆ. ಈಗ 200-500 ಲೆನ್ಸ್ ಬೇರೆ ಬಂದಿದೆ, ಗರಿ ಎಣಿಸಬಹುದು.

ಬೆಳ್ಳಕ್ಕಿ_ಮಂಡ್ಯ: ಕಾರ್ಡ್ ಫಾರ್ಮ್ಯಾಟ್ ಆಗಿದೆ. ಫೋಟೋ ಫೋನಿನಲ್ಲಿ ಇದೆಯಲ್ಲ ಅಂತ.

ಮಿಂಚುಳ್ಳಿ: ಅಯ್ಯೋ. ಆ ಕಾರ್ಡನ್ನು ಈಗಲೇ ತೆಗೆದಿಡಿ, ಹೊಸದೇನೂ ಬರೆಯಬೇಡಿ. ಅಳಿಸಿದ ಫೋಟೋ ಹುಡುಕಿಕೊಡುವ ಫೋಟೋರೆಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಕಂಪ್ಯೂಟರ್‌ನಲ್ಲಿ ಓಡಿಸಿ. ಸಿಕ್ಕ ಫೈಲನ್ನು ಅದೇ ಕಾರ್ಡಿಗೆ ಉಳಿಸಬೇಡಿ. ಫಾರ್ಮ್ಯಾಟ್ ಆದ ಮೇಲೆ ಅದರಲ್ಲಿ ಎಷ್ಟು ಫೋಟೋ ತೆಗೆದಿದ್ದೀರಿ?

ಕಬಿನಿ_ಕ್ಲಿಕ್: ರಾಜಣ್ಣ, 200-500 ಎಷ್ಟಕ್ಕೆ ಬಂತು? ಹಳೇ 70-300 ಕೊಡುವುದಿದ್ದರೆ ಹೇಳಿ.

ರಾ_ರಾಜ: ಇನ್‌ಬಾಕ್ಸ್‌ಗೆ ಬನ್ನಿ.

ಮಿಂಚುಳ್ಳಿ: ಬೆಳ್ಳಕ್ಕಿಯವರೇ, ಇದ್ದೀರಾ?