ಪದ ಬೇಕು, ಇವತ್ತು ರಾತ್ರಿಯೊಳಗೆ: ಟ್ರಯಲ್ಸ್ ಬೈಕಿನ ಡ್ಯಾಬ್, ಕ್ಲಚ್ ಡ್ರ್ಯಾಗ್, ಬ್ಲೀಡ್

ಲೀಡ್ಸ್ ಕನ್ನಡಿಗ ಬರೆದರು:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಮೂರು ಪದ ಬೇಕಿವೆ. ಟ್ರಯಲ್ಸ್ ಬೈಕನ್ನು ನೋಡಿಕೊಳ್ಳುವ ಬಗ್ಗೆ ಒಂದು ವಿಡಿಯೊ ಮಾಡಿದ್ದೇನೆ, ಕನ್ನಡದ ಮಾತನ್ನು ಇವತ್ತು ರಾತ್ರಿ ರೆಕಾರ್ಡ್ ಮಾಡಬೇಕು. ಸಕಲೇಶಪುರದ ಕಡೆ ನಮ್ಮ ಸೋದರಮಾವನ ಮಗ ಹಳೇದೊಂದು ಟ್ರಯಲ್ಸ್ ಗಾಡಿ ತಗೊಂಡಿದ್ದಾನೆ. ಅವನಿಗಿಂತ ಹೆಚ್ಚಾಗಿ ಅವನ ಮೆಕ್ಯಾನಿಕ್ಕಿಗೆ ಅರ್ಥ ಆಗಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಂಡೆ, ಹಳ್ಳ, ಮರದ ಬೇರು, ಕಡಿದಾದ ದಿಣ್ಣೆ ಇರುವ ಕಡೆ ಪಟ್ಟಿ ಕಟ್ಟಿ ದಾರಿ ಗುರುತು ಮಾಡಿರುತ್ತಾರೆ. ಅದು ಸೆಕ್ಷನ್. ಅದನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಂದು ಸಲ ತಾಗಿದರೆ 1, ಎರಡು ಸಲಕ್ಕೆ 2, ಮೂರು ಸಲವೋ ಅದಕ್ಕಿಂತ ಹೆಚ್ಚೋ ಆದರೆ 3. ಬಿದ್ದರೆ, ಪಟ್ಟಿಯಾಚೆ ಹೋದರೆ 5. ಅಂಕ ಕಡಿಮೆ ಬಿದ್ದವನೇ ಗೆದ್ದ. ಗಾಡಿಗೆ ಸೀಟೇ ಇರುವುದಿಲ್ಲ, ನಿಂತೇ ಓಡಿಸುವುದು. ತೂಕ 70 ಕೆಜಿ ಆಸುಪಾಸು. ಹಿಂದಿನ ಟೈರಿಗೆ 4ರಿಂದ 5 ಪಿಎಸ್‌ಐ ಅಷ್ಟೇ ಗಾಳಿ. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಅಷ್ಟಕ್ಕೆ ಮುಳ್ಳು ಅಲ್ಲಾಡುವುದೂ ಅನುಮಾನ, ಬೇರೆ ಗೇಜೇ ಇಟ್ಟುಕೊಳ್ಳಬೇಕು.

ಹೀಗೆ ಕಾಲು ತಾಗಿಸುವುದೇ ಡ್ಯಾಬ್. ಇದಕ್ಕೆ ಚಿಕ್ಕದೊಂದು ಕನ್ನಡ ಪದ ಬೇಕು. ಕ್ಲಚ್ ಡ್ರ್ಯಾಗ್ ಅಂದರೆ ಲಿವರ್ ಪೂರ್ತಿ ಒತ್ತಿ ಹಿಡಿದರೂ ಗಾಡಿ ಮುಂದಕ್ಕೆ ತೆವಳುವುದು. ಕ್ಲಚ್ ಸ್ಲಿಪ್ ಆಗುವುದಲ್ಲ, ಅದರ ತದ್ವಿರುದ್ಧ. ಈ ಗಾಡಿಗಳನ್ನು ಕೆಲವು ವಾರ ನಿಲ್ಲಿಸಿದರೆ ಇದು ಇದ್ದದ್ದೇ. ಬ್ಲೀಡ್ ಅಂದರೆ ಹೈಡ್ರಾಲಿಕ್ ಕ್ಲಚ್ಚಿನ ಲೈನಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವುದು. ಯಂತ್ರಾನುವಾದಕ್ಕೆ ಹಾಕಿದರೆ ‘ಕ್ಲಚ್‌ಗೆ ರಕ್ತಸ್ರಾವ ಮಾಡಿಸಿ’ ಎಂದು ಬಂತು. ದಯವಿಟ್ಟು ಕಾಪಾಡಿ.

ನಿಘಂಟುಪ್ರಿಯ ಬರೆದರು:

> ಇದಕ್ಕೆ ಚಿಕ್ಕದೊಂದು ಕನ್ನಡ ಪದ ಬೇಕು

ಕಾಲೂರು. ಇದ್ದೇ ಇದೆ. ಹೆಸರುಪದ ಬೇಕಿದ್ದರೆ ಕಾಲೂರಿಕೆ.

ಶಬ್ದಶುದ್ಧಿ ಬರೆದರು:

ಕಾಲೂರು ಗ್ರಾಮ್ಯ, ಮೇಲಾಗಿ ಗೊಂದಲಕ್ಕೆ ದಾರಿ. ಊರು ಎಂದರೆ ಸಂಸ್ಕೃತದಲ್ಲಿ ತೊಡೆ. ದುರ್ಯೋಧನನ ಊರುಭಂಗ ನೆನೆಯಿರಿ. ಕನ್ನಡದಲ್ಲಿ ಗ್ರಾಮ. ನೋಡುವವರು ‘ಕಾಲೂರು’ ಎಂಬುದು ಯಾವುದೋ ಹಳ್ಳಿಯ ಹೆಸರೆಂದುಕೊಂಡಾರು. ‘ಪಾದಸ್ಪರ್ಶ’ ಸ್ಪಷ್ಟವೂ ಗಂಭೀರವೂ ಆಗಿದೆ. ಬ್ಲೀಡ್‌ಗೆ ‘ವಾಯುನಿಷ್ಕಾಸನ’ ಆಗಬಹುದು.

ಯಾದವಗಿರಿ ಟೂ-ಸ್ಟ್ರೋಕ್ ಬರೆದರು:

ಬಂಡೆಗೆ ಪಾದಸ್ಪರ್ಶ ಆದರೆ ಅಹಲ್ಯೆ ಎದ್ದು ಬರ್ತಾಳೆ ಸ್ವಾಮಿ, ಆಮೇಲೆ ಅಂಕ ಯಾರು ಹಾಕೋದು?

ನಿಘಂಟುಪ್ರಿಯ ಬರೆದರು:

ಮೂರು ‘ಊರು’ಗಳನ್ನು ಕಲಸಿ ಮುದ್ದೆ ಮಾಡುವುದು ಬೇಡ. ತೊಡೆಯ ಊರು ಸಂಸ್ಕೃತದ್ದು, ಅದನ್ನು ಬದಿಗಿಡಿ. ಹಳ್ಳಿ ಎಂಬ ಅರ್ಥದ ಊರ್‌ನಲ್ಲಿರುವುದು ಸಾಮಾನ್ಯ ರಕಾರ. ನೆಲಕ್ಕೆ ಒತ್ತಿ ನಿಲ್ಲಿಸು ಎನ್ನುವುದು ಹಳಗನ್ನಡದಲ್ಲಿ ಊಱು, ಅಂದರೆ ಶಕಟರೇಫ (ಈಗ ಬಳಕೆ ತಪ್ಪಿದ ಱ ಅಕ್ಷರ), ತಮಿಳಿನಲ್ಲಿ ಊನ್ಱು. ತಮಿಳಿನ ಮೂನ್ಱು ನಮ್ಮಲ್ಲಿ ಮೂಱು ಆಯಿತಲ್ಲ, ಅದೇ ದಾರಿ. ಊರುಗೋಲು ಇದರಿಂದಲೇ ಬಂದದ್ದು. ಊರುಗೋಲನ್ನು ಗ್ರಾಮದ ಕೋಲು ಎಂದು ಯಾರಾದರೂ ಓದಿದ್ದಾರೆಯೆ? ಕಾಲೂರನ್ನೂ ಓದುವುದಿಲ್ಲ.

ಅಚ್ಚಗನ್ನಡ ಬರೆದರು:

ಊರು ಅಂದರೆ ಮಂದಿ ಬಂದು ಕಾಲೂರಿದ ಜಾಗ. ಎರಡೂ ಒಂದೇ ಬೇರಿನವು ಅಂತ ನನ್ನ ಅನಿಸಿಕೆ.

ನಿಘಂಟುಪ್ರಿಯ ಬರೆದರು:

ಅನಿಸಿಕೆಗೆ ಶಕಟರೇಫ ಕಾಣುವುದಿಲ್ಲ. ಮೇಲಿನ ಪತ್ರ ಇನ್ನೊಮ್ಮೆ ಓದಿ.

ಯಾದವಗಿರಿ ಟೂ-ಸ್ಟ್ರೋಕ್ ಬರೆದರು:

ಕಾಲೂರು ಸರಿಯಾಗಿದೆ, ಕಾಲೂರಿಕೆ ಬೇಡ. ಅದು ಯಾರ ಬಾಯಲ್ಲೂ ಇಲ್ಲ. ‘ಕಾಲೂರಿದರೆ 1’ ಅಂದರೆ ಮುಗೀತು. ಕುಂಟೆಬಿಲ್ಲೆ ಆಡಿದ ಯಾವ ಮಗುವಿಗೆ ಕೇಳಿದರೂ ಹೇಳುತ್ತೆ, ಕಾಲೂರಿದರೆ ಔಟು.

ಈಗ ಕ್ಲಚ್ಚಿನ ವಿಷಯಕ್ಕೆ ಬರೋಣ. ಇದು ನೀವೆಲ್ಲ ಅಂದುಕೊಂಡಷ್ಟು ಸಲೀಸಲ್ಲ. ಗ್ಯಾರೇಜಿನಲ್ಲಿ ‘ಕ್ಲಚ್ ಹಿಡಿ’ ಅಂದರೆ ಲಿವರ್ ಒತ್ತು ಅಂತ. ಲಿವರ್ ಹಿಡಿದರೆ ಒಳಗೆ ಪ್ಲೇಟು ಬಿಡುತ್ತೆ. ‘ಕ್ಲಚ್ ಬಿಡು’ ಅಂದರೆ ಲಿವರ್ ಬಿಡು, ಆಗ ಪ್ಲೇಟು ಹಿಡಿಯುತ್ತೆ. ಕೈಯದು ಒಂದು ಲೆಕ್ಕ, ಪ್ಲೇಟಿನದು ತಲೆಕೆಳಗು. ಹಾಗಾಗಿ ವಿಡಿಯೊದಲ್ಲಿ ನೀವು ‘ಕ್ಲಚ್ ಬಿಡ್ತಿಲ್ಲ’ ಅಂದುಬಿಟ್ಟರೆ ಅರ್ಧ ಜನ ಓಡಿಸುವವನೇ ಲಿವರ್ ಬಿಡ್ತಿಲ್ಲ ಅಂದುಕೊಳ್ತಾರೆ. ‘ಕ್ಲಚ್ ಹಿಡ್ಕೊಂಡಿದೆ’ ಅಂದರೂ ಇದೇ ಪಾಡು. ಕ್ಲಚ್ ಅನ್ನಬೇಡಿ, ಪ್ಲೇಟ್ ಅನ್ನಿ. ‘ಪ್ಲೇಟು ಬಿಡ್ತಿಲ್ಲ’, ‘ಪ್ಲೇಟು ಅಂಟ್ಕೊಂಡಿದೆ’ ಅಂದರೆ ಯಾವ ಮೆಕ್ಯಾನಿಕ್ಕಾದರೂ ತಲೆ ಆಡಿಸ್ತಾನೆ.

ಅಂದಹಾಗೆ ಗಾಡಿ ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ?

ಲೀಡ್ಸ್ ಕನ್ನಡಿಗ ಬರೆದರು:

ಟೂ ಸ್ಟ್ರೋಕ್. ಈ ಆಟದಲ್ಲಿ ಹೆಚ್ಚಿನವು ಅವೇ, 125ರಿಂದ 300 ಸಿಸಿವರೆಗೆ ಸಿಗುತ್ತವೆ. ಫೋರ್ ಸ್ಟ್ರೋಕು ಕೆಲವೇ. 2005ರಲ್ಲಿ ಬಂದ, ಹೋಂಡಾ ಎಂಜಿನ್ನಿನ ಮೊಂಟೆಸಾ ಕೋಟಾ 4ಆರ್‌ಟಿ ಅಂಥದ್ದು, ಅದರಲ್ಲೂ ಫ್ಯುಯೆಲ್ ಇಂಜೆಕ್ಷನ್.

‘ಪ್ಲೇಟು ಬಿಡ್ತಿಲ್ಲ’ ಬಹಳ ಚೆನ್ನಾಗಿದೆ, ತಗೊಂಡೆ. ಬ್ಲೀಡ್?

ಅಚ್ಚಗನ್ನಡ ಬರೆದರು:

ಕ್ಲಚ್ ಅನ್ನೋದನ್ನೇ ಯಾಕೆ ಉಳಿಸಿಕೊಳ್ಳಬೇಕು? ಹಿಡಿಯುವುದೂ ಬಿಡುವುದೂ ಅದರ ಕೆಲಸ, ‘ಹಿಡಿಬಿಡುಕ’ ಅನ್ನಿ. ಬ್ಲೀಡ್‌ಗೆ ‘ಗಾಳಿಗಳೆ’. ಗಾಳಿಯನ್ನು ಕಳೆ, ಸಂಧಿಯೂ ನೆಟ್ಟಗಿದೆ. ಒಮ್ಮೆ ಬಳಸಿದರೆ ರೂಢಿಯಾಗುತ್ತೆ.

ಧಾರವಾಡದಿಂದ ಬರೆದರು:

ಗಳೆ ಅಂದ್ರ ನಮ್ಮ ಕಡೆ ಹೊಲದಾಗ ಹೊಡಿಯೂದ್ರೀ ಸರ. ಗಾಳಿಗಳೆ ಅಂದ್ರ ಗಾಳ್ಯಾಗ ನೇಗಿಲಾ ಹೊಡೀಬೇಕೇನ?

ಮತ್ತ ಇನ್ನೊಂದು. ನಮ್ಮಲ್ಲೆ ಗಾಳಿ ಅನ್ನೂದಿಲ್ಲ, ಹವಾ. ‘ಹವಾ ತಗೀ’ ಅಂದ್ರ ಹುಡುಗ ಸೀದಾ ಹೋಗಿ ಟೈರಿನ ಹವಾ ಬಿಡ್ತಾನ. ಈ ಗಾಡಿಗೆ ಹೆಂಗಿದ್ರೂ ಟೈರಿಂದೂ ಕಮ್ಮಿ ಮಾಡೂದು ಅದ ಅಂತೀರಿ. ಎರಡಕ್ಕೂ ಒಂದ ಮಾತು ಇಟ್ರ ಕೆಲಸ ಕೆಡ್ತದ.

ಯಾದವಗಿರಿ ಟೂ-ಸ್ಟ್ರೋಕ್ ಬರೆದರು:

ಧಾರವಾಡದವರು ಹೇಳಿದ್ದು ಸರಿ. ಟೈರಿಗೆ ‘ಗಾಳಿ ಇಳಿಸಿ’, ಕ್ಲಚ್ ಲೈನಿಗೆ ‘ಏರ್ ತೆಗೀರಿ’. ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡ ರೈತರೆಲ್ಲ ‘ಏರ್ ಹಿಡಿದಿದೆ, ಏರ್ ತೆಗೀಬೇಕು’ ಅಂತಲೇ ಹೇಳೋದು. ಸಕಲೇಶಪುರದ ತೋಟದಲ್ಲಿ ಈ ಮಾತು ಗೊತ್ತಿಲ್ಲದವರು ಸಿಗಲ್ಲ. ಒಂದೇ ವಸ್ತುವಿಗೆ ಗಾಳಿ ಅಂತಲೂ ಏರ್ ಅಂತಲೂ ಎರಡು ಹೆಸರು ಇರೋದು ಇಲ್ಲಿ ಅನುಕೂಲವೇ. ಎರಡೂ ಬೇರೆ ಬೇರೆ ಕೆಲಸ ಮಾಡ್ತಿವೆ.

ಶಬ್ದಶುದ್ಧಿ ಬರೆದರು:

ಅಂದರೆ ಸೋಮಾರಿತನಕ್ಕೆ ‘ಅನುಕೂಲ’ ಎಂದು ಹೆಸರು. ಹೀಗೇ ಹೋದರೆ ಇನ್ನು ಹತ್ತು ವರ್ಷಕ್ಕೆ ಕನ್ನಡದಲ್ಲಿ ಕನ್ನಡ ಅನ್ನುವುದು ಪ್ರತ್ಯಯಗಳಲ್ಲಷ್ಟೇ ಉಳಿದೀತು. ಏರ್ ತೆಗೀರಿ, ಪ್ಲೇಟು ಬಿಡ್ತಿಲ್ಲ. ಇದನ್ನು ಅನುವಾದ ಅನ್ನುತ್ತೀರಾ?

ಅಚ್ಚಗನ್ನಡ ಬರೆದರು:

ಎಂದೂ ಇಲ್ಲದ್ದು, ಶಬ್ದಶುದ್ಧಿಯವರ ದೂರು ಈ ಸಲ ನನ್ನದೂ ಹೌದು. ಆದರೆ ಮದ್ದು ವಾಯುನಿಷ್ಕಾಸನ ಅಲ್ಲ. ಅದೂ ಎರವಲೇ, ಹಳೇ ಎರವಲು ಅಷ್ಟೆ.

ನಿಘಂಟುಪ್ರಿಯ ಬರೆದರು:

ಮೇಜು, ಚಾವಿ, ರಸ್ತೆ, ಕಾರ್ಖಾನೆ. ಯಾವುದು ಕನ್ನಡ? ಧಾರವಾಡದವರ ಹವಾ ಅರಬ್ಬಿಯಿಂದ ಪಾರಸಿ ಹಾದು ಬಂದದ್ದು. ಅವರ ಊರಿನಲ್ಲಿ ಅದನ್ನು ಎರವಲು ಎಂದು ಹೇಳಿ ನೋಡಿ, ಏನಾಗುತ್ತದೆ. ಟೈರು, ಬೋಲ್ಟು ಎಂದು ಉಕಾರ ಹಚ್ಚಿ ‘ಟೈರಿಗೆ’, ‘ಬೋಲ್ಟಿನ’ ಎಂದು ವಿಭಕ್ತಿ ಹಾಕಿದ ಹೊತ್ತಿಗೆ ಪದ ಮನೆ ಸೇರಿತು. ನನಗೆ ತಕರಾರು ಇರುವುದು ಬೇರೆ ಕಡೆ. ಕಾಲೂರು ಎಂಬ ಪದ ಎದುರಿಗೇ ಬಿದ್ದಿರುವಾಗ ಡ್ಯಾಬ್ ಎನ್ನುವುದು ಸೋಮಾರಿತನ. ಕ್ಲಚ್‌ಗೆ ಏನೂ ಇಲ್ಲದಿರುವಾಗ ಹಿಡಿಬಿಡುಕ ಎಂದು ಹೊಸೆಯುವುದು ಹಟ.

ಧಾರವಾಡದಿಂದ ಬರೆದರು:

ಹವಾ ನಮ್ಮದರೀ. ಎಲ್ಲಿಂದ ಬಂತು ಅಂತ ಕೇಳಿ ಯಾರೂ ಹವಾ ತಗೊಳ್ಳೂದಿಲ್ಲ.

ಅಚ್ಚಗನ್ನಡ ಬರೆದರು:

> ಹೊಸೆಯುವುದು ಹಟ

ಕಂಪ್ಯೂಟರಿಗೆ ಗಣಕ ಅಂದಾಗಲೂ ಹೀಗೇ ನಕ್ಕಿದ್ದರು.

ಯಾದವಗಿರಿ ಟೂ-ಸ್ಟ್ರೋಕ್ ಬರೆದರು:

ಈಗಲೂ ಅಂಗಡಿಗೆ ಹೋಗಿ ಗಣಕ ಕೊಡಿ ಅಂತ ನೀವು ಕೇಳಲ್ಲ.

ನಮ್ಮ ಮೈಸೂರಿನ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಷ್ಟೂ ವರ್ಷ ಅಲ್ಲಿಂದ ಆಚೆ ಬಂದ ಗಾಡಿಗಳನ್ನು ರಿಪೇರಿ ಮಾಡಿದವರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಕಮ್ಮಿ. ಆದರೂ ‘ಮಿಸ್ಸಿಂಗ್ ಹೊಡೀತಿದೆ’, ‘ಪಿಕಪ್ ಇಲ್ಲ’, ‘ಹದಿನಾಲ್ಕರ ಪಾನ (ಸ್ಪ್ಯಾನರ್) ಕೊಡು’ ಅಂತ ಭಾಷೆ ಕಟ್ಟಿಕೊಂಡರು. ಯಾವ ಸಮಿತಿಯೂ ಕೂತಿರಲಿಲ್ಲ. ಅದೇ ಕಾರ್ಖಾನೆಯ ಯೆಜ್ಡಿಯಲ್ಲಿ ಕಿಕ್ಕರ್ರೇ ಗೇರ್ ಲಿವರ್ರು. ಅದನ್ನು ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರು, ಮುಂದಕ್ಕೆ ಬಗ್ಗಿಸಿದರೆ ಗೇರು. ಆ ಒಂದು ಕಬ್ಬಿಣದ ತುಂಡಿಗೆ ಅಚ್ಚಗನ್ನಡದಲ್ಲಿ ಹೆಸರಿಟ್ಟು ತೋರಿಸಿ, ಆಮೇಲೆ ಹಿಡಿಬಿಡುಕದ ಮಾತು.

ಶಬ್ದಶುದ್ಧಿ ಬರೆದರು:

ಗ್ಯಾರೇಜಿನ ಮಾತು ಗ್ಯಾರೇಜಿಗೆ. ಬರಹಕ್ಕೆ ಅದರದೇ ಘನತೆ ಇದೆ. ಕ್ರೀಡೆಯ ಹೆಸರನ್ನಾದರೂ ಕನ್ನಡಿಸಿ. ಟ್ರಯಲ್ ಎಂದರೆ ಜನಕ್ಕೆ ಗೊತ್ತಿರುವುದು ನ್ಯಾಯಾಲಯದ ವಿಚಾರಣೆ, ಇಲ್ಲವೆ ಬಟ್ಟೆ ಅಂಗಡಿಯ ಟ್ರಯಲ್ ರೂಮು. ಉಳಿದವರು ಟ್ರೇಲ್ ಎಂದು ಓದಿ ಕಾಡಿನ ದಾರಿ ಹಿಡಿಯುತ್ತಾರೆ.

ಲೀಡ್ಸ್ ಕನ್ನಡಿಗ ಬರೆದರು:

ಟ್ರೇಲ್ ಗೊಂದಲ ಇಲ್ಲಿ ಇಂಗ್ಲಿಷಿನವರಿಗೂ ಇದೆ, ಸೆಕೆಂಡ್‌ಹ್ಯಾಂಡ್ ಗಾಡಿಗಳ ಜಾಹೀರಾತಿನಲ್ಲಿ ಒಂದಕ್ಕೊಂದು ಅದಲುಬದಲು.

ಹೆಸರಿನ ಮೂಲ ನಿಜಕ್ಕೂ ಪರೀಕ್ಷೆಯೇ. ಮೊದಲು ಪರೀಕ್ಷೆ ಸವಾರನದಲ್ಲ, ಗಾಡಿಯದು; ಆಗಿನ ಬೈಕುಗಳು ಕೆಟ್ಟ ದಾರಿಯಲ್ಲಿ ದಿನಗಟ್ಟಲೆ ಓಡಿ ಉಳಿಯುತ್ತವೆಯೇ ಎಂದು ನೋಡುತ್ತಿದ್ದರು. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ 1909ರಿಂದ ಇದೆ. ನನ್ನ ಮನೆಗೆ ಹತ್ತಿರದ ಶಿಪ್ಲಿಯಲ್ಲಿ ಸ್ಕಾಟ್ ಎಂಬ ಬೈಕು ತಯಾರಾಗುತ್ತಿತ್ತು, ಆ ಕಾರ್ಖಾನೆಯ ಕೆಲಸದವರಿಗೆಂದು 1914ರಲ್ಲಿ ಶುರುವಾದದ್ದು ಸ್ಕಾಟ್ ಟ್ರಯಲ್. ಅದರಲ್ಲಿ ಈಗಲೂ ಕಾಲೂರಿದ್ದಕ್ಕೂ ಅಂಕ, ತಡವಾದದ್ದಕ್ಕೂ ಅಂಕ. ಗಾಡಿ ಹಗುರಾಗುತ್ತ ಬಂದ ಹಾಗೆ ಪರೀಕ್ಷೆ ಗಾಡಿಯಿಂದ ಸವಾರನಿಗೆ ದಾಟಿತು. 1964-65ರಲ್ಲಿ ಸ್ಯಾಮಿ ಮಿಲ್ಲರ್ ಎಂಬ ಸವಾರ ಸ್ಪೇನಿನ ಬುಲ್ಟಾಕೊ ಕಂಪನಿಯವರಿಗೆ ಶೆರ್ಪಾ ಟಿ ಎಂಬ ಹಗುರ ಟೂ ಸ್ಟ್ರೋಕ್ ಗಾಡಿ ರೂಪಿಸಿಕೊಟ್ಟ ಮೇಲಂತೂ ಬ್ರಿಟನ್ನಿನ ಭಾರದ ಫೋರ್ ಸ್ಟ್ರೋಕುಗಳು ಮೂಲೆ ಸೇರಿದವು. ಇಷ್ಟೆಲ್ಲ ಹೊತ್ತುಕೊಂಡ ಹೆಸರನ್ನು ನಾನು ಮುಟ್ಟುವುದಿಲ್ಲ. ಟ್ರಯಲ್ಸ್ ಎಂದೇ ಹೇಳುತ್ತೇನೆ.

ಅಚ್ಚಗನ್ನಡ ಬರೆದರು:

‘ಒರೆಯೋಟ’. ಚಿನ್ನವನ್ನು ಒರೆಗಲ್ಲಿಗೆ ಹಚ್ಚಿದಂತೆ. ಇಲ್ಲೂ ಕಲ್ಲೇ ತಾನೆ.

ನಿಘಂಟುಪ್ರಿಯ ಬರೆದರು:

ಇದು ಕೆಟ್ಟದ್ದಲ್ಲ. ಆದರೆ ಓಟ ಎಲ್ಲಿದೆ? ಅವರು ನಡಿಗೆಯ ವೇಗದಲ್ಲಿ ಹೋಗುವುದು.

ನಿರ್ವಾಹಕರು ಬರೆದರು:

ಎರವಲು ಪದಗಳ ಚರ್ಚೆಗೆ ಬೇರೆ ಎಳೆ ಶುರುಮಾಡಿ. ಕೇಳಿದವರಿಗೆ ಹೊತ್ತಾಗುತ್ತಿದೆ.

ಲೀಡ್ಸ್ ಕನ್ನಡಿಗ ಬರೆದರು:

ಸ್ಕ್ರಿಪ್ಟು ಹೀಗೆ ನಿಂತಿದೆ. ಬೇಗ ಕಣ್ಣಾಡಿಸಿ:

‘ಲಿವರ್ ಪೂರ್ತಿ ಹಿಡಿದರೂ ಗಾಡಿ ತೆವಳುತ್ತಿದ್ದರೆ ಪ್ಲೇಟು ಬಿಡ್ತಿಲ್ಲ ಅಂತ ಅರ್ಥ. ಎಂಜಿನ್ ಆಫ್ ಇರುವಾಗಲೇ ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದುಕೊಂಡು ಗಾಡಿಯನ್ನು ಹಿಂದೆ ಮುಂದೆ ಜಗ್ಗಿ. ಅಂಟಿಕೊಂಡ ಪ್ಲೇಟು ಬಿಡಿಸಿಕೊಳ್ಳುತ್ತೆ. ಆಮೇಲೆ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ. ಆಗಲೂ ತೆವಳಿದರೆ ಲೈನಿನಲ್ಲಿ ಏರ್ ಇದೆಯೋ ನೋಡಿ. ಏರ್ ತೆಗೆಯಲು ಕೆಳಗಿನ ನಿಪ್ಪಲ್ಲಿಗೆ ಸಿರಿಂಜ್ ಹಚ್ಚಿ ಫ್ಲೂಯಿಡ್ಡನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ. ಗುಳ್ಳೆ ಹೇಗೂ ಮೇಲಕ್ಕೇ ಏರುವುದರಿಂದ ಈ ದಾರಿ ಸುಲಭ.’

ಯಾದವಗಿರಿ ಟೂ-ಸ್ಟ್ರೋಕ್ ಬರೆದರು:

ಭಾಷೆ ಸರಿಯಾಗಿದೆ. ‘ಫ್ಲೂಯಿಡ್’ ಅಂತ ಬರೀ ಬಾಯಿಮಾತಿಗೆ ಬಿಡಬೇಡಿ, ಯಾವುದು ಅಂತ ಹೇಳಿ. ಕೆಲವು ಗಾಡಿಗೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ 4 ಅನ್ನೋ ಬ್ರೇಕ್ ಫ್ಲೂಯಿಡ್. ಲಿವರ್ ಹತ್ತಿರದ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತೆ, ಇಲ್ಲದಿದ್ದರೆ ಗಾಡಿಯ ಪುಸ್ತಕದಲ್ಲಿ ಇರುತ್ತೆ. ನಮ್ಮೂರಲ್ಲಿ ಕೇಳಿದ ತಕ್ಷಣ ಕೈಗೆ ಕೊಡೋದು ಡಾಟ್ 4 ಡಬ್ಬಿ. ಮಿನರಲ್ ಆಯಿಲ್ ಇರುವ ಕಡೆ ಅದನ್ನು ಹೊಯ್ದರೆ ಒಳಗಿನ ರಬ್ಬರ್ ಸೀಲು ಹಾಳು, ಆಮೇಲೆ ಎಷ್ಟು ಏರ್ ತೆಗೆದರೂ ಪ್ಲೇಟು ಬಿಡಲ್ಲ. ಮತ್ತೆ ಕೆಳಗಿನಿಂದ ತಳ್ಳುವಾಗ ಮೇಲಿನ ಡಬ್ಬಿ ತುಂಬಿ ಚೆಲ್ಲುತ್ತೆ, ಸುತ್ತ ಬಟ್ಟೆ ಸುತ್ತಿಡೋಕೆ ಹೇಳಿ. ಡಾಟ್ 4 ಬಿದ್ದ ಕಡೆ ಪೇಂಟು ಏಳುತ್ತೆ.

ಶಬ್ದಶುದ್ಧಿ ಬರೆದರು:

ಫ್ಲೂಯಿಡ್‌ಗೆ ‘ದ್ರವ’ ಎನ್ನಲು ಏನು ಅಡ್ಡಿ?

ಲೀಡ್ಸ್ ಕನ್ನಡಿಗ ಬರೆದರು:

ಅಡ್ಡಿ ಇದೆ. ಡಬ್ಬಿಯ ಮೇಲೆ ‘ಫ್ಲೂಯಿಡ್’ ಅಂತ ಅಚ್ಚಾಗಿರುತ್ತೆ, ಅಂಗಡಿಯಲ್ಲಿ ಕೇಳುವುದೂ ಹಾಗೇ. ಮಿನರಲ್ ಆಯಿಲ್, ಡಾಟ್ 4, ಬಟ್ಟೆ, ಮೂರನ್ನೂ ಸ್ಕ್ರಿಪ್ಟಿಗೆ ಸೇರಿಸಿದೆ. ಮೈಕ್ ಆನ್ ಮಾಡ್ತಿದ್ದೇನೆ, ಇನ್ನು ಪತ್ರ ನೋಡೋಕಾಗಲ್ಲ.