ಸಹಾಯ ಬೇಕು: ಅಮ್ಮಂದು ಸಿಎ-125 ಮತ್ತೆ ಏರ್ತಿದೆ

ಎಲ್ರಿಗೂ ನಮಸ್ಕಾರ, ನಮ್ಮಮ್ಮಂಗೆ 58 ವರ್ಷ, ಹೋದ್ವರ್ಷ ಅಂಡಾಶಯದ ಕ್ಯಾನ್ಸರ್‌ಗೆ ಆಪರೇಷನ್ ಆಗಿ 6 ಕೀಮೋನೂ ಮುಗೀತು, ಆಮೇಲೆ ಸಿಎ-125 (ಈ ಕ್ಯಾನ್ಸರ್ ಮೇಲೆ ಕಣ್ಣಿಡೋಕೆ ರಕ್ತದಲ್ಲಿ ಅಳೆಯೋ ಪ್ರೋಟೀನ್) 14ಕ್ಕೆ ಇಳಿದಿತ್ತು, ಈಗ ನೋಡಿದ್ರೆ ಮೊದ್ಲು 22, ಈ ಸಲ 41. 35ರ ಒಳಗಿದ್ರೆ ನಾರ್ಮಲ್ ಅಂತೆ, ರಿಪೋರ್ಟಲ್ಲಿ 41ರ ಪಕ್ಕ ದಪ್ಪಕ್ಕೆ ಎಚ್ ಅಂತ ಹಾಕಿದಾರೆ, ಅಮ್ಮ ಅದನ್ನೇ ನೋಡ್ತಾ ಕೂತಿದಾಳೆ. ಈ ಪ್ರೋಟೀನ್ ಹೊಟ್ಟೆ ಟಿಬಿ, ಲಿವರ್ ತೊಂದ್ರೆಲೂ ಏರುತ್ತೆ ಅಂತ ಗೊತ್ತು, ಆದ್ರೆ ಪ್ರತಿ ಸಲ ಏರ್ತಾ ಹೋದ್ರೆ ಹೊಟ್ಟೆ ಒಳಪದರಕ್ಕೆ ಹರಡಿರಬಹುದು ಅಂತ ಡಾಕ್ಟ್ರು ಸಿಟಿ ಸ್ಕ್ಯಾನ್ ಬರೆದಿದಾರೆ, ಸೋಮವಾರ ಇದೆ. ಸ್ಕ್ಯಾನಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ತಕ್ಷಣ ಕೀಮೋ ಶುರು ಮಾಡ್ತಾರಾ, ಕಾಯ್ತಾರಾ? ಎಚ್‌ಇ-4 ಅಂತ ಇದೇ ಥರದ ಇನ್ನೊಂದು ರಕ್ತದ ಟೆಸ್ಟೂ ಮಾಡಿಸ್ಬೇಕಾ? ಮನೇಲಿ ಹೀಗೇ ಆದೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್. ಬೂದುಗುಂಬಳದ ಜ್ಯೂಸ್ ಸಲಹೆ ಬೇಡ, ದೊಡ್ಡಮ್ಮ ಆಗ್ಲೇ ಕೊಟ್ಟಾಗಿದೆ.