ಅಪ್‌ಡೇಟ್: ಹಳೆಯ ಕಂಪ್ಯೂಟರ್‌ಗೆ ಕೊನೆಗೂ ಹೊಂದಿದ ಗ್ರಾಫಿಕ್ಸ್ ಕಾರ್ಡ್

ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್ ಮತ್ತು 300 ವ್ಯಾಟ್‌ನ ಪವರ್ ಸಪ್ಲೈ ಇರುವ ನನ್ನ ಹಳೆಯ ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್ ಹೊಂದೀತೆಂದು ಹೋದ ವಾರ ಕೇಳಿದ್ದೆ. ಆರ್‌ಎಕ್ಸ್ 6400 ಹಾಕಿ ಎಂದವರ ಮಾತಿನಂತೆ ಗೆಳೆಯನ ಕಾರ್ಡನ್ನು ತಂದು ನೋಡಿದೆ. ಅದು ನಾಲ್ಕೇ ಲೇನ್‌ಗಳನ್ನು (ಮಾಹಿತಿ ಸಾಗುವ ದಾರಿಗಳನ್ನು) ಬಳಸುವುದರಿಂದ, ಹಳೆಯದೂ ನಿಧಾನದ್ದೂ ಆದ ಮೂರನೇ ಆವೃತ್ತಿಯ ನನ್ನ ಪಿಸಿಐಇ ಸ್ಲಾಟ್‌ನಲ್ಲಿ (ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಜಾಗ) ಆಟ ಆಗಾಗ ತಡವರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು 6 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3050 ಕಾರ್ಡ್ ತೆಗೆದುಕೊಳ್ಳಿ ಎಂಬ ಸಲಹೆ: ಸುಮಾರು 70 ವ್ಯಾಟ್ ಮಾತ್ರ ಬೇಡುವ ಅದಕ್ಕೆ, 75 ವ್ಯಾಟ್‌ವರೆಗೆ ಕೊಡಬಲ್ಲ ಸ್ಲಾಟೇ ಸಾಕಾದ್ದರಿಂದ ಪವರ್ ಸಪ್ಲೈ ಬದಲಿಸುವ ಖರ್ಚು ಉಳಿಯಿತು. (8 ಜಿಬಿಯದಕ್ಕೆ ಪ್ರತ್ಯೇಕ ಪವರ್ ಕೇಬಲ್ ಬೇಕು, ಕೊಳ್ಳುವಾಗ ನೋಡಿಕೊಳ್ಳಿ.) ಹಾಕಿದ ದಿನ ಪರದೆ ಕಪ್ಪಾಗಿಯೇ ಉಳಿದು ಅರ್ಧ ಗಂಟೆ ಒದ್ದಾಡಿದೆ, ಮಾನಿಟರ್‌ನ ಕೇಬಲ್ ಹೊಸ ಕಾರ್ಡಿಗಲ್ಲದೆ ಇನ್ನೂ ಮದರ್‌ಬೋರ್ಡಿಗೇ ಸಿಕ್ಕಿಸಿದ್ದು ಆಮೇಲೆ ಕಂಡಿತು! ನಾನು ಎಣಿಸದಿದ್ದ ಸಂಗತಿ ಇನ್ನೊಂದಿದೆ: ಒಂಟಿಯಾಗಿದ್ದ ರ‍್ಯಾಮ್ ಜೊತೆಗೆ ಅಂಥದೇ ಮತ್ತೊಂದನ್ನು ಸೇರಿಸಿದ ಮೇಲೆಯೇ ಅಳಿದುಳಿದ ತಡವರಿಕೆಯೂ ನಿಂತಿತು.